ಮಡಕೆ ಮಾಡಲು ಕಲಾ ಕಾಲೇಜು ಬೇಕಾ?

ಪ್ರಶ್ನೆ: ವಾರಾಂತ್ಯದ ಕ್ಲಾಸಿನಲ್ಲಿ ತಿಗರಿ, ಅಂದರೆ ಕುಂಬಾರರ ಚಕ್ರದ ಕೆಲಸ ಕಲಿತಿದ್ದೇನೆ. ಬಟ್ಟಲು, ಹೂಜಿ ತಕ್ಕಮಟ್ಟಿಗೆ ಬರುತ್ತವೆ. ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ ಇದೆ. ಕಲಾ ಕಾಲೇಜು ಸೇರಲೋ, ಅನುಭವಿ ಕುಂಬಾರರ ಬಳಿ ಕೆಲಸಕ್ಕೆ ಹೋಗಲೋ? ಕಾಲೇಜಿಗೆ ಹೋದವರು ಮಡಕೆ ಬಿಟ್ಟು ಮಾತು ಕಲಿಯುತ್ತಾರೆ ಅಂತ ಗೆಳೆಯರು ನಗುತ್ತಾರೆ.

ಉತ್ತರ: ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಕೈ ಪಳಗಲು ಕಾಲೇಜು ಸರಿಯಾದ ಜಾಗ ಅಲ್ಲ. ಒಂದೇ ಅಳತೆಯ ಬಟ್ಟಲನ್ನು ಬೆಳಗಿನಿಂದ ಸಂಜೆವರೆಗೆ ಮಾಡುತ್ತಾ ಕೂತರೆ ಮಾತ್ರ ಕೈಗೆ ವೇಗ ಬರುತ್ತದೆ. ಡ್ರಾಯಿಂಗ್, ಶಿಲ್ಪ, ಕಲೆಯ ಇತಿಹಾಸ ಎಲ್ಲ ತುಂಬಿರುವ ಟೈಮ್‌ಟೇಬಲ್‌ನಲ್ಲಿ ಅಷ್ಟು ಹೊತ್ತು ಎಲ್ಲಿ ಸಿಗುತ್ತದೆ?

ಆದರೆ ತಿಗರಿ ಈ ಕೆಲಸದ ಅರ್ಧ ಮಾತ್ರ. ಇನ್ನರ್ಧ ಸುಡುವುದು. ವಾರಾಂತ್ಯದ ಕ್ಲಾಸಿನಲ್ಲಿ ಅದನ್ನು ಸಾಮಾನ್ಯವಾಗಿ ಬೇರೆಯವರೇ ಮಾಡಿಕೊಡುತ್ತಾರೆ, ಅಲ್ವಾ? ಮಣ್ಣಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾತ್ರ ಬದಲಿಸುತ್ತದೆ. ಆ ಹಂತವನ್ನು ಅವಸರದಲ್ಲಿ ದಾಟಿಸಿದರೆ ಪಾತ್ರೆ ಸೀಳುತ್ತದೆ. ಸುಟ್ಟ ಮೇಲೆ ತಣ್ಣಗಾಗುವಾಗ ಗ್ಲೇಜ್, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಮೈತುಂಬ ಕೂದಲೆಳೆಯಂಥ ಬಿರುಕು. ಗ್ಲೇಜ್ ಡಬ್ಬ ಕೊಂಡು ಬಳಿಯುವವರಿಗೆ ಏನು ಬದಲಿಸಬೇಕು ಅಂತ ಗೊತ್ತಾಗುವುದಿಲ್ಲ. ಗಾಜಾಗುವ ಸಿಲಿಕಾ, ಅದು ಹರಿದುಹೋಗದಂತೆ ಹಿಡಿಯುವ ಅಲ್ಯುಮಿನಾ, ಕರಗಿಸುವ ವಸ್ತು, ಈ ಮೂರರ ಲೆಕ್ಕ ಕಲಿತವರು ಸಿಲಿಕಾ ಸ್ವಲ್ಪ ಹೆಚ್ಚಿಸಿ ನೋಡುತ್ತಾರೆ. ಹೀಗೆ ಒಂದೊಂದೇ ಅಂಶ ಬದಲಿಸುತ್ತಾ ಸಾಲು ಸಾಲು ಪರೀಕ್ಷಾ ಬಿಲ್ಲೆ ಸುಡಲು ಪುರುಸೊತ್ತು ಇರುವುದು ಕಾಲೇಜಿನಲ್ಲೇ. ದುಡಿಮೆಯ ಕುಂಬಾರರಿಗೆ ಆವಿಗೆಯ, ಅಂದರೆ ಮಡಕೆ ಸುಡುವ ಗೂಡಿನ, ಪ್ರತಿ ಗೇಣು ಜಾಗವೂ ದುಡ್ಡು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ, ನಿಜ ಹೇಳಬೇಕೆಂದರೆ ದೊಣ್ಣೆಯೇ ಬೇಕಿಲ್ಲ. ಕೆಟ್ಟ ಆವಿಗೆ ಸಾಕು.

ಕಾಲೇಜಿನ ಇನ್ನೊಂದು ಲಾಭ ಕಣ್ಣಿಗೆ. ಈ ಹಿಡಿ ಇಲ್ಲೇ ಯಾಕೆ, ಬಾಯಿ ಇಷ್ಟು ಅಗಲ ಯಾಕೆ ಅಂತ ಹತ್ತು ಜನರ ಮುಂದೆ ಕೇಳಿಸಿಕೊಳ್ಳುವುದು ಹಿತ ಅನ್ನಿಸುವುದಿಲ್ಲ. ಆದರೆ ನಿಮ್ಮದೇ ಆಕಾರ ಹುಟ್ಟುವುದು ಅಲ್ಲಿಂದ.

ಕೈಯ ಪಳಗು, ಕಣ್ಣಿನ ಪಾಠ ಎರಡೂ ಒಟ್ಟಿಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಬೌಹೌಸ್ ಕಲಾಶಾಲೆ ನೋಡಿ. ಅದರ ಕುಂಬಾರಿಕೆ ವಿಭಾಗ 1920ರಲ್ಲಿ ಡೋರ್ನ್‌ಬರ್ಗ್‌ನಲ್ಲಿ ಶುರುವಾಯಿತು. ಅಲ್ಲಿ ಆಕಾರ ಕಲಿಸಲು ಶಿಲ್ಪಿ ಗೆರ್ಹಾರ್ಡ್ ಮಾರ್ಕ್ಸ್, ಕೈಕೆಲಸ ಕಲಿಸಲು ವಂಶಪಾರಂಪರ್ಯ ಕುಂಬಾರ ಮ್ಯಾಕ್ಸ್ ಕ್ರೇಹಾನ್. ಅಲ್ಲಿ ಕಲಿತ ಮಾರ್ಗರೀಟ್ ಫ್ರೀಡ್‌ಲೆಂಡರ್ ಮುಂದೆ ಪಿಂಗಾಣಿ ಕಾರ್ಖಾನೆಗೆ ಪಾತ್ರೆಗಳ ವಿನ್ಯಾಸ ಮಾಡಿದರು. ಪಾಠವನ್ನೂ ಹೇಳಿದರು. ಬರೀ ತಿಗರಿ ಗೊತ್ತಿದ್ದರೆ ಆ ಬಾಗಿಲುಗಳು ತೆರೆಯುವುದು ಕಷ್ಟ. ಹಾಗಂತ ಡಿಗ್ರಿ ಇಲ್ಲದವರು ಬೆಳೆಯುವುದಿಲ್ಲ ಅಂತಲ್ಲ. ಮುಂದೆ ಹೆಸರಾಂತ ಕುಂಬಾರರಾದ ಹ್ಯಾನ್ಸ್ ಕೋಪರ್ 1946ರಲ್ಲಿ ಲಂಡನ್ನಿನ ಕುಂಬಾರ ಕಲಾವಿದೆ ಲೂಸಿ ರೀ ಅವರ ಸ್ಟುಡಿಯೋ ಸೇರಿದಾಗ ಅವರಿಗೆ ಮಣ್ಣಿನ ಕೆಲಸವೇ ಗೊತ್ತಿರಲಿಲ್ಲ. ಆದರೆ ರೀ ವಿಯೆನ್ನಾದ ಕಲಾಶಾಲೆಯಲ್ಲಿ ಕಲಿತವರು. ಅಂಥ ಗುರು ಸಿಕ್ಕರೆ ಕಾಲೇಜಿನ ಮಾತು ಬಿಟ್ಟುಬಿಡಿ.

ನನ್ನ ಸಲಹೆ: ಮೊದಲು ಒಂದು ವರ್ಷ ಕುಂಬಾರರ ಬಳಿ ದುಡಿಯಿರಿ, ಆಮೇಲೆ ಕಾಲೇಜು. ಕೈ ಪಳಗದೆ ಹೋದವರ ಮೊದಲ ದಿನಗಳೆಲ್ಲ ಮಣ್ಣನ್ನು ತಿಗರಿಯ ನಡುವಿಗೆ ತರುವುದರಲ್ಲೇ ಕಳೆಯುತ್ತವೆ. ಸೇರುವ ಮುನ್ನ ಕಾಲೇಜಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಆವಿಗೆ ತುಂಬಿ ಸುಡುವವರು ವಿದ್ಯಾರ್ಥಿಗಳೇ? ಗ್ಲೇಜ್ ಪುಡಿಗಳನ್ನು ತೂಗಿ ತಾವೇ ಬೆರೆಸುತ್ತಾರಾ? ಇಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ನೆಲವನ್ನೂ ನೋಡಿ. ಒಣ ಪೊರಕೆ ಹಾಕುವ ಜಾಗದಲ್ಲಿ ಸಿಲಿಕಾ ದೂಳು ಶ್ವಾಸಕೋಶ ಸೇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವವರು ಕೆಲಸ ಬಲ್ಲವರು.

ಪ್ರಶ್ನೆ: ಡಿಗ್ರಿ ಮುಗಿಸಿ ಸ್ಟುಡಿಯೋ ತೆರೆದಿದ್ದೇನೆ. ಪಾತ್ರೆಗಳು ಮಾರಾಟವಾಗುತ್ತವೆ, ಕೈಯಲ್ಲಿ ಏನೂ ಉಳಿಯುವುದಿಲ್ಲ.

ಉತ್ತರ: ಬೆಲೆ ಇಡುವ ಲೆಕ್ಕವನ್ನು ಬಹುತೇಕ ಕಾಲೇಜುಗಳು ಕಲಿಸುವುದೇ ಇಲ್ಲ. ನೀವು ಬಹುಶಃ ಮಣ್ಣು, ಗ್ಲೇಜ್ ಲೆಕ್ಕ ಮಾತ್ರ ಹಾಕಿ ಬೆಲೆ ಇಡುತ್ತಿದ್ದೀರಿ. ಒಡೆದವುಗಳ ಖರ್ಚನ್ನು ಉಳಿದವುಗಳ ಮೇಲೆ ಹಂಚಿ. ಸುಡುವ ಖರ್ಚನ್ನು ಪಾತ್ರೆಯ ಎಣಿಕೆಯಿಂದ ಅಲ್ಲ, ಅದು ಆವಿಗೆಯಲ್ಲಿ ಹಿಡಿಯುವ ಜಾಗದಿಂದ ಭಾಗಿಸಿ. ಅಗಲವಾದ ತಟ್ಟೆಗಳಲ್ಲೇ ನಿಮ್ಮ ನಷ್ಟ ಕೂತಿರುವ ಸಾಧ್ಯತೆ ಜಾಸ್ತಿ.