ಎರಡೂ ಕೈ ಏಕೆ ಬೇಕಿತ್ತು?

ಮಾನ್ಯರೇ,

ಅಮೆರಿಕದ ಸ್ವತಂತ್ರ ಚಿತ್ರ ‘ವಿಂಟರ್ಸ್ ಬೋನ್’ (2010) ಕುರಿತ ನಮ್ಮ ಲೇಖನವನ್ನು ಓದಿ, ಚಿತ್ರವನ್ನೂ ನೋಡಿ, ನೀವು ಎರಡು ಆಕ್ಷೇಪ ಎತ್ತಿದ್ದೀರಿ: ಕೊಂದವರು ಯಾರೆಂದು ಕೊನೆಗೂ ಹೇಳದ ಚಿತ್ರ ಥ್ರಿಲ್ಲರ್ ಹೇಗಾದೀತು, ಮತ್ತು ನೀರಿನಲ್ಲಿ ಹೆಣದ ಕೈ ಕೊಯ್ಯುವ ದೃಶ್ಯ ಬರಿಯ ಕ್ರೌರ್ಯವಲ್ಲವೇ ಎಂದು. ‘ಮೈ ನವಿರೇಳಿಸುವ’ ಎಂಬ ನಮ್ಮ ತಲೆಬರಹ ನಿಮ್ಮಲ್ಲಿ ಬೇರೆ ನಿರೀಕ್ಷೆ ಹುಟ್ಟಿಸಿದ್ದರೆ ಆ ತಪ್ಪು ನಮ್ಮದು. ಸ್ವತಂತ್ರ ಚಿತ್ರಗಳಿಗೆ ಹೆಸರಾದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇದಕ್ಕೆ ಸಿಕ್ಕ ತೀರ್ಪುಗಾರರ ಮಹಾ ಪ್ರಶಸ್ತಿಯನ್ನು ನಮ್ಮ ವಾದಕ್ಕೆ ಬಳಸುವುದಿಲ್ಲ. ಪ್ರಶಸ್ತಿ ಬಂದುದೆಲ್ಲ ಹಿಡಿಸಬೇಕೆಂದೇನೂ ಇಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಓಜಾರ್ಕ್ ಬೆಟ್ಟಸೀಮೆಯಲ್ಲಿ ಮಾದಕವಸ್ತು ತಯಾರಿಸಿ ಸಿಕ್ಕಿಬಿದ್ದ ಜೆಸಪ್ ಡಾಲಿ, ಮನೆಯನ್ನೂ ಕಾಡುಭೂಮಿಯನ್ನೂ ಜಾಮೀನಿಗೆ ಒಡ್ಡಿ ಹೊರಬಂದವನು, ಕಾಣೆಯಾಗಿದ್ದಾನೆ. ವಿಚಾರಣೆಗೆ ಅವನು ಬಾರದಿದ್ದರೆ ಮನೆ ಕೈಬಿಟ್ಟು ಹೋಗುತ್ತದೆ. ಮನಸ್ಸಿನ ಸ್ವಾಧೀನ ತಪ್ಪಿದ ತಾಯಿಯನ್ನೂ ಇಬ್ಬರು ಎಳೆಯರನ್ನೂ ಸಾಕುತ್ತಿರುವ 17ರ ಮಗಳು ರೀ, ಅಪ್ಪ ಬದುಕಿದ್ದರೆ ಕರೆತರಬೇಕು, ಸತ್ತಿದ್ದರೆ ಸತ್ತನೆಂದು ರುಜುವಾತು ಮಾಡಬೇಕು. ಅವಳು ಕೇಳಬೇಕಾದವರೆಲ್ಲ ದಾಯಾದಿಗಳು. ಜೆಸಪ್ ಪೊಲೀಸರಿಗೆ ಸುಳಿವು ಕೊಟ್ಟಿದ್ದನೆಂಬ ಸಿಟ್ಟು ಅವರಲ್ಲಿ ಇನ್ನೂ ಆರಿಲ್ಲ. ಆ ಬಳಗದ ಹಿರಿಯ ಥಂಪ್ ಮಿಲ್ಟನ್‌ನ ಅಂಗಳದಲ್ಲಿ ಅವಳು ಚಳಿಯಲ್ಲಿ ಕಾಯುತ್ತಾಳೆ, ಯಜಮಾನ ಒಳಗಿದ್ದೂ ಹೊರಬರುವುದಿಲ್ಲ. ನಮಗೆ ಭಯ ಹುಟ್ಟಿದ್ದು ಅಲ್ಲಿ, ಬಂದೂಕು ಕಂಡಾಗಲ್ಲ.

ಚಿತ್ರ ನಿಧಾನವೆನಿಸಿರಲೂಬಹುದು. ಅಳಿಲಿನ ಚರ್ಮ ಸುಲಿಯುವುದನ್ನು ರೀ ತಮ್ಮನಿಗೆ ಕಲಿಸುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕರುಳನ್ನು ತೋರಿಸಿ ಇದನ್ನೂ ತಿನ್ನುತ್ತೇವೆಯೇ ಎಂದು ಹುಡುಗ ಕೇಳಿದರೆ, ಇನ್ನೂ ಇಲ್ಲ, ಎನ್ನುತ್ತಾಳೆ. ಆ ‘ಇನ್ನೂ’ ಎಂಬುದರಲ್ಲಿ ಬಡತನವೆಲ್ಲ ಇದೆ. ನಿರ್ದೇಶಕಿ ಡೆಬ್ರಾ ಗ್ರಾನಿಕ್ ಆ ಸೀಮೆಯಲ್ಲೇ ಚಿತ್ರೀಕರಿಸಿದರು. ತಂಗಿಯ ಪಾತ್ರ ಮಾಡಿದ ಬಾಲೆ ಅಲ್ಲಿಯವಳೇ.

ಇನ್ನು ಕೈಗಳ ವಿಚಾರ. ರೀಯನ್ನು ಹಿಂದೆ ಹೊಡೆದು ಬೀಳಿಸಿದ್ದ ಥಂಪ್‌ನ ಬಳಗದ ಹೆಂಗಸರೇ, ಅಪ್ಪ ಸತ್ತನೆಂಬ ರುಜುವಾತು ಕೊಡಿಸಲು, ರಾತ್ರಿ ಅವಳನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ನೀರಿನೊಳಗಿನ ಅಪ್ಪನ ಕೈಯನ್ನು ಅವಳು ಹಿಡಿದಿರುತ್ತಾಳೆ, ಗರಗಸದ ಯಂತ್ರ ಕೊಯ್ಯುತ್ತದೆ. ಒಂದು ಕೈ ಬಂದೊಡನೆ ಅವಳು ದೇಹವನ್ನು ಬಿಟ್ಟುಬಿಡುತ್ತಾಳೆ. ಎರಡೂ ಬೇಕು, ಇಲ್ಲವಾದರೆ ಜೈಲು ತಪ್ಪಿಸಿಕೊಳ್ಳಲು ಅವನೇ ಒಂದನ್ನು ಕತ್ತರಿಸಿಕೊಂಡನೆನ್ನುತ್ತಾರೆ, ಎಂದು ಆ ಹೆಂಗಸರಲ್ಲೊಬ್ಬಳಾದ ಮೆರಾಬ್ ಗದರುತ್ತಾಳೆ. ಇದು ಕ್ರೌರ್ಯವೆಂಬುದನ್ನು ಒಪ್ಪುತ್ತೇವೆ, ‘ಬರಿಯ’ ಎಂಬುದನ್ನು ಒಪ್ಪೆವು: ಮನೆ ಉಳಿಸುವ ಕಾಗದಪತ್ರ ಅದೊಂದೇ.

ಕೊಂದವರು ತಿಳಿಯಲಿಲ್ಲ ಎಂಬುದೂ ಪೂರ್ತಿ ಸರಿಯಲ್ಲ. ಗೊತ್ತಾದರೂ ತನಗೆ ಹೇಳಕೂಡದು ಎಂದು ದೊಡ್ಡಪ್ಪ ಟಿಯರ್‌ಡ್ರಾಪ್ ರೀಗೆ ಮೊದಲೇ ಎಚ್ಚರಿಸಿರುತ್ತಾನೆ, ತಿಳಿದರೆ ಸುಮ್ಮನಿರಲಾರೆನೆಂದು. ಕೊನೆಯಲ್ಲಿ, ಯಾರೆಂದು ಗೊತ್ತಾಯಿತು, ಎಂದಷ್ಟೇ ಹೇಳಿ ಅವನು ಹೊರಟುಹೋಗುತ್ತಾನೆ.

– ಸಂಪಾದಕ