ಧಾರಣೆ ಹೇಳುವವರು ಯಾರು?

ಓದುಗರ ಪತ್ರ: "ಬೆಲೆಯನ್ನು ಮಾರುಕಟ್ಟೆಗೇ ಬಿಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದ್ದು ನಿಮಗೂ ಗೊತ್ತು. ಅಡಿಕೆಗೆ ವ್ಯಾಪಾರಿ ಹೇಳಿದ್ದೇ ಧಾರಣೆ. ಇದರ ಬದಲು ಸರ್ಕಾರವೇ ಬೆಲೆ ಗೊತ್ತು ಮಾಡಿದರೆ ಬೆಳೆಯುವವರಿಗೂ ಕೊಳ್ಳುವವರಿಗೂ ನೆಮ್ಮದಿ ಅಲ್ವಾ?"
– ಓದುಗರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲೂ ತೋಟವಿದೆ. ಗೋಣಿ ಕಟ್ಟಿ ಅಂಗಡಿಗೆ ಒಯ್ದ ದಿನವೇ ಧಾರಣೆ ಇಳಿದಾಗ ಆಗುವ ಸಂಕಟ ನನಗೆ ಹೊಸದಲ್ಲ. ಆದರೂ ಬರೆದದ್ದನ್ನು ಹಿಂದೆ ತೆಗೆದುಕೊಳ್ಳಲಾರೆ.

ಮೊದಲು ತೆಂಗಿನೆಣ್ಣೆ. 2025ರಲ್ಲಿ ಬೆಲೆ ಏರಿದ್ದು ಮುಖ್ಯವಾಗಿ ಮರದಲ್ಲಿ ಕಾಯಿ ಕಡಿಮೆಯಾದ್ದರಿಂದ. ಆಗ ಸರ್ಕಾರ 250 ರೂಪಾಯಿಗಿಂತ ಜಾಸ್ತಿಗೆ ಮಾರಬಾರದು ಎಂದಿದ್ದರೆ ಏನಾಗುತ್ತಿತ್ತು? ಆಜ್ಞೆಯಿಂದ ಒಂದು ಕಾಯಿಯೂ ಹೆಚ್ಚು ಬಿಡುವುದಿಲ್ಲ. ಬೊಂಡಕ್ಕೆ, ಅಂದರೆ ಎಳನೀರಿಗೆ, ಅಂಥ ಮಿತಿ ಇಲ್ಲವಲ್ಲ, ಬೆಳೆಗಾರರು ಬೊಂಡವನ್ನೇ ಇಳಿಸಿ ಮಾರುತ್ತಿದ್ದರು. ಕೊಬ್ಬರಿ ಇನ್ನೂ ಕಡಿಮೆಯಾಗುತ್ತಿತ್ತು. ಅಂಗಡಿಯಲ್ಲಿ 250ರ ಬೋರ್ಡು ಇರುತ್ತಿತ್ತು, ಎಣ್ಣೆ ಇರುತ್ತಿರಲಿಲ್ಲ. ಗುರುತಿನವರಿಗೆ ಮಾತ್ರ ಹಿಂಬಾಗಿಲಿನಿಂದ ಸಿಗುತ್ತಿತ್ತು.

ಬೆಲೆ ಏರಿದಾಗ ನಮ್ಮ ಊರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ತೋಟದ ಮೂಲೆಯಲ್ಲಿ ಬಿದ್ದು ಮೊಳಕೆ ಬರುತ್ತಿದ್ದ ಕಾಯಿಯನ್ನೂ ಹೆಕ್ಕಿದೆವು. ವರ್ಷಗಳಿಂದ ಬುಡ ನೋಡದ ಮರಕ್ಕೆ ಗೊಬ್ಬರ ಹಾಕಿದೆವು. ಅಡುಗೆಮನೆಯಲ್ಲಿ ಎಣ್ಣೆ ಹಿಡಿತದಲ್ಲಿ ಖರ್ಚಾಯಿತು. ಇದನ್ನೆಲ್ಲ ಮಾಡಿ ಎಂದು ಯಾರೂ ಹೇಳಲಿಲ್ಲ. ಕಾಯಿ ಕಡಿಮೆ ಇದೆ ಎಂಬ ಸುದ್ದಿಯನ್ನು ಬೆಲೆಯೇ ಮನೆಮನೆಗೆ ಮುಟ್ಟಿಸಿತು.

ಕೂಲಿಯೂ ಒಂದು ಬೆಲೆಯೇ. ಅಡಿಕೆ ಮರ ಹತ್ತುವವರು ಕಡಿಮೆಯಾದರು, ಅವರ ಸಂಬಳ ಏರಿತು. ಕಷ್ಟದ, ಅಪಾಯದ ಕೆಲಸ ಅದು, ಏರಬೇಕಾದದ್ದೇ. ಆ ಸಂಬಳ ನೋಡಿಯೇ ಕಾರ್ಬನ್ ಫೈಬರ್ ದೋಟಿ (ಹಗುರವಾದ ಉದ್ದ ಕೋಲು) ನಮ್ಮ ತೋಟಗಳಿಗೆ ಬಂತು. ಈಗ ನೆಲದಲ್ಲಿ ನಿಂತೇ ಗೊನೆ ಕೊಯ್ಯುತ್ತಾರೆ, ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಸಂಬಳಕ್ಕೆ ಮಿತಿ ಹಾಕಿದ್ದರೆ ಹತ್ತುವವರೂ ಸಿಗುತ್ತಿರಲಿಲ್ಲ, ಅಷ್ಟು ದುಡ್ಡು ಹಾಕಿ ದೋಟಿ ಕೊಳ್ಳುವವರೂ ಇರುತ್ತಿರಲಿಲ್ಲ.

ಇನ್ನು ವ್ಯಾಪಾರಿ ಹೇಳಿದ್ದೇ ಧಾರಣೆ ಎಂಬ ಮಾತು. ಕೊಳ್ಳುವವನು ಒಬ್ಬನೇ ಇದ್ದರೆ ಅದು ನೂರಕ್ಕೆ ನೂರು ನಿಜ. ಅದಕ್ಕೆ ಮದ್ದೇನು ಎಂಬುದನ್ನು ನಮ್ಮ ಹಿರಿಯರೇ ತೋರಿಸಿದ್ದಾರೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲಕಚ್ಚಿತ್ತು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕೇರಳ, ಕರ್ನಾಟಕ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ತಮ್ಮದೇ ಸಹಕಾರಿ ಸಂಸ್ಥೆ ಕಟ್ಟಿದರು. ಸರ್ಕಾರಗಳ ಬೆಂಬಲವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ವ್ಯಾಪಾರಿಯ ಅಂಗಡಿ ಮುಚ್ಚಿಸಲು ಹೋಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ತಕ್ಕಡಿ ಇಟ್ಟರು. ಇಲ್ಲಿ ಕಡಿಮೆ ಕೊಟ್ಟರೆ ಅಲ್ಲಿಗೆ ಹೋಗುತ್ತಾರೆ ಎಂದು ಗೊತ್ತಾದ ಮೇಲೆ ವ್ಯಾಪಾರಿಯೂ ಲೆಕ್ಕ ಹಾಕಿ ಮಾತಾಡಬೇಕಾಯಿತು. ಕೊಕ್ಕೋ ಕೇಳುವವರಿಲ್ಲದೆ ಕೊಳೆಯುವ ಹೊತ್ತು ಬಂದಾಗಲೂ ಅಷ್ಟೇ: ತಾವೇ ಕೊಂಡರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದರು. ಮುಕ್ತ ಮಾರುಕಟ್ಟೆ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಈ ಎರಡನೇ ತಕ್ಕಡಿ.

ಎಣ್ಣೆ ಕೊಳ್ಳಲಾಗದ ಬಡವರ ಗತಿ ಏನು ಎಂದು ಕೇಳಬಹುದು. ಅವರ ಕೈಗೆ ದುಡ್ಡು ಕೊಡಿ, ರೇಷನ್ ಕಾರ್ಡಿಗೆ ಎಣ್ಣೆ ಕೊಡಿ. ಖರ್ಚನ್ನು ನಾವೆಲ್ಲ ತೆರಿಗೆಯಿಂದ ಹೊರೋಣ. ಅದಕ್ಕಾಗಿ ನಾಲ್ಕು ಮರ ಇರುವವರ ಕಾಯಿಯ ಬೆಲೆ ಇಳಿಸುವುದು ನ್ಯಾಯವಲ್ಲ.

ಈಗಿನ ಅಡಿಕೆ ಧಾರಣೆಯಲ್ಲಿ ಸರ್ಕಾರದ ಕೈ ಇಲ್ಲವೇ? ನೀವು ಕೇಳದ ಈ ಪ್ರಶ್ನೆಗೂ ಉತ್ತರ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಪ್ರಾಮಾಣಿಕ ಆಗುವುದಿಲ್ಲ. 2023ರ ಫೆಬ್ರವರಿಯಿಂದ ಹೊರದೇಶದ ಅಡಿಕೆಯನ್ನು ಸಾಮಾನ್ಯವಾಗಿ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ. ಮೇಲೆ ಆಮದು ಸುಂಕ ಬೇರೆ. ಇದರಿಂದ ನನಗೂ ನಿಮಗೂ ಲಾಭವಿದೆ. ಆದರೆ ಅಡಿಕೆ ಕೊಂಡು ತಿನ್ನುವವರು ಅಷ್ಟು ಜಾಸ್ತಿ ಕೊಡುತ್ತಿದ್ದಾರೆ. ಈ ಧಾರಣೆ ನಂಬಿ ನಮ್ಮ ಗದ್ದೆಗಳು ತೋಟವಾದವು. ದಾವಣಗೆರೆ, ಚಿತ್ರದುರ್ಗದ ಕಡೆ ಕೊಳವೆಬಾವಿ ಕೊರೆದು ಅಡಿಕೆ ನೆಟ್ಟರು. ಆಮದು ತಡೆಯುವ ಈ ಗೋಡೆಯ ಆಸರೆಯಲ್ಲಿ ಬೆಲೆ ಹೇಳುವ ಸುದ್ದಿಯನ್ನು ಪೂರ್ತಿ ನಂಬಿ ಇನ್ನಷ್ಟು ಸಸಿ ನೆಡಲು ನನಗೆ ಧೈರ್ಯವಿಲ್ಲ. ಈ ಸಲ ನಮ್ಮ ತೋಟದಲ್ಲಿ ಸತ್ತ ಅಡಿಕೆ ಮರಗಳ ಜಾಗಕ್ಕೆ ಜಾಯಿಕಾಯಿ ಹಾಕಿದ್ದೇವೆ, ಉಳಿದ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ನಿಮ್ಮಲ್ಲಿ ಏನು ಮಾಡಿದ್ದೀರಿ? ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

– ಸಂಪಾದಕ