ಫೀಸು ಕಟ್ಟಿದವರು ಗ್ರಾಹಕರೇ?

ಪ್ರಶ್ನೆ: ಮೇಡಂ, ನಾನು ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಗಣಿತ ಕಲಿಸುತ್ತೇನೆ. ವಿದ್ಯಾರ್ಥಿಗಳು ಕೊಡುವ ಫೀಡ್‌ಬ್ಯಾಕ್ ಅಂಕ ನೋಡಿ ನಮಗೆ ಇನ್‌ಕ್ರಿಮೆಂಟ್ ಕೊಡುತ್ತಾರೆ. ಈ ಸಲ ನನ್ನ ಪತ್ರಿಕೆಯಲ್ಲಿ ಬಹಳ ಮಂದಿ ಫೇಲಾದರು, ನನ್ನ ಅಂಕವೂ ಇಳಿಯಿತು. ‘ವಿದ್ಯಾರ್ಥಿ ನಮ್ಮ ಗ್ರಾಹಕ, ನೆನಪಿರಲಿ’ ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದರು. ತಪ್ಪು ನನ್ನದೇ?

ಉತ್ತರ: ಗ್ರಾಹಕ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯ ನೆನಪಾಗುತ್ತದೆ. ಯುರೋಪಿನ ಅತಿ ಹಳೆಯದೆನ್ನುವ ಆ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ತಾವೇ ಮೇಷ್ಟರಿಗೆ ಹಣ ಕೊಡುತ್ತಿದ್ದರು. ಪಾಠ ತಡವಾಗಿ ಶುರುವಾದರೆ ದಂಡ, ಗಂಟೆ ಹೊಡೆದ ಮೇಲೂ ಎಳೆದರೆ ದಂಡ, ಕಷ್ಟದ ಭಾಗ ಹಾರಿಸಿದರೂ ದಂಡ. ಆದರೆ ಪರೀಕ್ಷೆ ನಡೆಸಿ ಪದವಿಗೆ ಅರ್ಹರೆಂದು ಹೇಳುವ ಕೆಲಸವನ್ನು ಅಧ್ಯಾಪಕರ ಸಂಘ ಬಿಟ್ಟುಕೊಡಲಿಲ್ಲ. ಹಣ ಕೊಟ್ಟವರು ಒಳ್ಳೆಯ ಪಾಠ ಕೇಳಬಹುದಿತ್ತು, ಪಾಸು ಕೇಳುವಂತಿರಲಿಲ್ಲ. ನಿಮ್ಮ ಆಡಳಿತದವರು ಈ ಎರಡನ್ನೂ ಒಂದೇ ಬಿಲ್ಲಿಗೆ ಸೇರಿಸುತ್ತಿದ್ದಾರೆ.

ನಾನು 31 ವರ್ಷ ಭೌತಶಾಸ್ತ್ರ ಕಲಿಸಿದವಳು. ಫೀಡ್‌ಬ್ಯಾಕ್ ಹಾಳೆ ಬಂದ ಮೊದಲ ವರ್ಷ ಹೆದರಿಕೊಂಡು, ಪರೀಕ್ಷೆಗೆ ಮುಂಚೆ ಹತ್ತು ಪ್ರಶ್ನೆ ಬರೆಸಿ ಅದರಲ್ಲೇ ಆರು ಕೊಟ್ಟೆ. ನನ್ನ ಅಂಕ ಏರಿತು. ಮರುವರ್ಷ ಲ್ಯಾಬಿನಲ್ಲಿ ಅದೇ ಮಕ್ಕಳನ್ನು, ‘ನೀವು ಎಳೆದ ಗ್ರಾಫಿನ ಇಳಿಜಾರು ಏನು ಹೇಳುತ್ತಿದೆ?’ ಎಂದು ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಕಾರಣ ನಾನೇ ಎಂಬ ನೋವು ಇವತ್ತಿಗೂ ಹೋಗಿಲ್ಲ.

ಹಾಗೆಂದು ಫೀಡ್‌ಬ್ಯಾಕನ್ನು ತಳ್ಳಿಹಾಕಬೇಡಿ. ನೀವು ಹೊತ್ತಿಗೆ ಸರಿಯಾಗಿ ಬರುತ್ತೀರಾ, ಹಿಂದಿನ ಬೆಂಚಿಗೆ ದನಿ ಕೇಳುತ್ತದಾ, ಸಂಶಯ ಕೇಳಿದರೆ ಗದರುತ್ತೀರಾ, ಇದೆಲ್ಲ ಮಕ್ಕಳಿಗೆ ಚೆನ್ನಾಗಿ ಗೊತ್ತು. ಈ ಪ್ರಮೇಯ ಬೇಕಿತ್ತೋ ಇಲ್ಲವೋ ಎಂಬುದು ಮಾತ್ರ ಅದನ್ನು ಕಲಿಯುತ್ತಿರುವಾಗಲೇ ತಿಳಿಯುವಂಥದ್ದಲ್ಲ.

ತಪ್ಪು ಯಾರದೆಂದು ಉತ್ತರ ಪತ್ರಿಕೆಗಳೇ ಹೇಳುತ್ತವೆ. ಫೇಲಾದವರ ಪತ್ರಿಕೆಗಳಲ್ಲಿ ಹತ್ತನ್ನು ಹೆಸರು, ಅಂಕ ಮುಚ್ಚಿ ಸಹೋದ್ಯೋಗಿಯೊಬ್ಬರಿಗೆ ಕೊಡಿ. ಅವರೂ ಹೆಚ್ಚುಕಡಿಮೆ ಅಷ್ಟೇ ಅಂಕ ಕೊಟ್ಟರೆ ಆ ಪತ್ರಿಕೆಗಳನ್ನೇ ಮುಂದಿನ ಮೀಟಿಂಗಿಗೆ ಒಯ್ಯಿರಿ. ಎಲ್ಲರೂ ಒಂದೇ ಹೆಜ್ಜೆಯಲ್ಲಿ ಎಡವಿದ್ದರೆ ಆ ಪಾಠ ಮತ್ತೊಮ್ಮೆ ಮಾಡಿ, ಅದು ನಿಮ್ಮ ಪಾಲಿನ ಬಾಕಿ. ಅಂಕ ಮಾತ್ರ ತಿದ್ದಬೇಡಿ.

ಪ್ರಶ್ನೆ: ನಾನು ವ್ಯಾಪಾರಸ್ಥ, ಕಾಲೇಜೊಂದರ ಆಡಳಿತ ಮಂಡಳಿಯಲ್ಲಿದ್ದೇನೆ. ಅನುದಾನ ತರದ ಸಂಶೋಧನೆಯನ್ನು ನಿಲ್ಲಿಸಿದರೆ ತಪ್ಪೇನು?

ಉತ್ತರ: ವಿಜ್ಞಾನಿ ಕಟಲಿನ್ ಕರಿಕೊ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ, ಅಂದರೆ ಯಾವ ಪ್ರೋಟೀನ್ ತಯಾರಿಸಬೇಕೆಂದು ಜೀವಕೋಶಕ್ಕೆ ಸಂದೇಶ ಒಯ್ಯುವ ಅಣುವಿನ ಬೆನ್ನು ಹತ್ತಿದ್ದರು. ಅನುದಾನದ ಅರ್ಜಿಗಳು ಒಂದಾದ ಮೇಲೊಂದು ತಿರಸ್ಕೃತವಾದವು. 1995ರಲ್ಲಿ ಅವರ ಹುದ್ದೆಯನ್ನೇ ಕೆಳಗಿಳಿಸಿದರು. ಆಕೆ ಬಿಡಲಿಲ್ಲ. 2005ರಲ್ಲಿ ಸಹೋದ್ಯೋಗಿ ಡ್ರೂ ವೈಸ್‌ಮನ್ ಜೊತೆ ಪ್ರಕಟಿಸಿದ ಸಂಶೋಧನೆಯೇ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಿಗೆ ದಾರಿಯಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಲ್ಲ ಸಂಶೋಧನೆಯೂ ಲಸಿಕೆಯಾಗುವುದಿಲ್ಲ, ಹಾಗೆಂದು ನಾನು ನಂಬಿಸಲಾರೆ. ನಿಮ್ಮ ಹಣದ ಚಿಂತೆಯೂ ಸುಳ್ಳಲ್ಲ. ಆದರೆ ಬ್ಯಾಲೆನ್ಸ್ ಶೀಟ್ ನೋಡಿ ನಿರ್ಧರಿಸುವ ಮುಂಚೆ, ಆ ವಿಷಯ ಬಲ್ಲ ಹೊರಗಿನ ಇಬ್ಬರಿಗೆ ನಿಮ್ಮ ಸಂಶೋಧಕರ ಕೆಲಸ ಓದಲು ಕೊಡಿ. ಆಮೇಲೆ ಒಂದು ಮಧ್ಯಾಹ್ನ ನೀವೇ ಆ ಲ್ಯಾಬಿಗೆ ಹೋಗಿ, ಏನು ಹುಡುಕುತ್ತಿದ್ದೀರಿ ಎಂದು ಕೇಳಿ.